ಫ್ರಿಟ್ಸ್ ರಾಯ್ಟರ್ ಬರೀ ನಗಿಸಿ ಹೋದವರಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಭಾನುವಾರದ ಪುರವಣಿಯಲ್ಲಿ ಜರ್ಮನ್ ಸಾಹಿತ್ಯಕ್ಕೆ ನೀವು ಒಂದು ಇಡೀ ಪುಟ ಕೊಟ್ಟಿದ್ದಿರಿ. ಗಯಟೆ, ಶಿಲ್ಲರ್, ಹೈನೆ, ಬ್ರೆಕ್ಟ್ ಎಲ್ಲರಿಗೂ ಅಲ್ಲಿ ಜಾಗ ಸಿಕ್ಕಿತ್ತು. ಓದಿ ಖುಷಿಯಾಯಿತು. ಆದರೆ ಫ್ರಿಟ್ಸ್ ರಾಯ್ಟರ್ ಅವರಿಗೆ ಸಿಕ್ಕಿದ್ದು ಅರ್ಧ ಸಾಲು. ಆಡುಮಾತಿನಲ್ಲಿ ನಗೆಪದ್ಯ ಬರೆದು ಜನರನ್ನು ರಂಜಿಸಿದವರು, ಅಷ್ಟೇ. ಆ ಅರ್ಧ ಸಾಲು ನನ್ನನ್ನು ಕಾಡುತ್ತಲೇ ಇದೆ. ಅದಕ್ಕೇ ಈ ಪತ್ರ. ಉದ್ದವಾಗಿದೆ, ಆದರೂ ಕತ್ತರಿಸದೆ ಹಾಕಬೇಕೆಂದು ಕೇಳಿಕೊಳ್ಳುತ್ತೇನೆ.

ನಾನಿರುವುದು ಜರ್ಮನಿಯ ಈಶಾನ್ಯ ಭಾಗದ ನಾಯ್‌ಬ್ರಾಂಡೆನ್‌ಬುರ್ಗ್‌ನಲ್ಲಿ. ವೃದ್ಧಾಶ್ರಮವೊಂದರಲ್ಲಿ ನರ್ಸ್ ಆಗಿದ್ದೇನೆ. ರಾಯ್ಟರ್ 1856ರಿಂದ 1863ರವರೆಗೆ ಇದ್ದದ್ದು ಇದೇ ಊರಿನಲ್ಲಿ. ಅವರ ಒಳ್ಳೆಯ ಪುಸ್ತಕಗಳಲ್ಲಿ ಹೆಚ್ಚಿನವು ಹುಟ್ಟಿದ್ದೂ ಇಲ್ಲೇ. ನಮ್ಮಲ್ಲಿರುವ ಅಜ್ಜ ಅಜ್ಜಿಯರಲ್ಲಿ ಕೆಲವರು ಈಗಲೂ ತಮ್ಮ ತಮ್ಮಲ್ಲಿ ಪ್ಲಾಟ್ ಮಾತಾಡುತ್ತಾರೆ. ಉತ್ತರ ಜರ್ಮನಿಯ ಬಯಲು ನಾಡಿನ ಮಾತು ಅದು. ಶಾಲೆಯ ಜರ್ಮನ್ ಕಲಿತು ಬಂದವರಿಗೆ ಮೊದಮೊದಲು ಏನೂ ತಿಳಿಯುವುದಿಲ್ಲ. ಮಧ್ಯಾಹ್ನದ ಕಾಫಿ ಮುಗಿದ ಮೇಲೆ ನಮ್ಮಲ್ಲಿ ಪುಸ್ತಕ ಓದಿ ಹೇಳುವ ರೂಢಿ ಇದೆ. ಅಲ್ಲಿ ಜಾಸ್ತಿ ಜನ ಕೇಳುವ ಹೆಸರು ರಾಯ್ಟರ್. ನಾನು ಓದುತ್ತೇನೆ, ಅವರು ಉಚ್ಚಾರ ತಿದ್ದುತ್ತಾರೆ. ನನಗೆ ಈ ಲೇಖಕರು ಪರಿಚಯವಾದದ್ದು ಹೀಗೆ.

ಅವರು ಹುಟ್ಟಿದ್ದು 1810ರ ನವೆಂಬರ್ 7ರಂದು, ಮೆಕ್ಲೆನ್‌ಬುರ್ಗ್ ಸೀಮೆಯ ಸ್ಟಾವೆನ್‌ಹಾಗೆನ್ ಎಂಬ ಸಣ್ಣ ಊರಿನಲ್ಲಿ. ನಮ್ಮೂರಿನಿಂದ ಸುಮಾರು 30 ಕಿಲೋಮೀಟರ್, ರೈಲಿನಲ್ಲಿ ಹೋಗಿಬರಬಹುದು. ತಂದೆ ಆ ಊರಿನ ಮೇಯರ್. ಹಾಗಾಗಿ ಮಗು ಹುಟ್ಟಿದ್ದು ಪುರಭವನದಲ್ಲೇ. ಅದೇ ಕಟ್ಟಡ ಈಗ ಅವರ ಸಾಹಿತ್ಯದ ಮ್ಯೂಸಿಯಂ ಆಗಿದೆ. ತಂದೆ ಬಹಳ ಕಟ್ಟುನಿಟ್ಟಿನ ಮನುಷ್ಯ. ಊರಿಗೆ ಹೊಸ ಬೆಳೆ ತಂದವರು, ಬಿಯರ್ ತಯಾರಿಕೆ ಶುರು ಮಾಡಿದವರು. ಮಗ ವಕೀಲನಾಗಬೇಕು ಅಂತ ಅವರ ಹಟ. ಮಗನಿಗೆ ಇಷ್ಟವಿದ್ದದ್ದು ಚಿತ್ರ ಬರೆಯುವುದು.

ಕಾನೂನು ಓದಲು ಮೊದಲು ರಾಸ್ಟಾಕ್‌ಗೆ, ಆಮೇಲೆ ಯೇನಾಗೆ ಹೋದರು. ಯೇನಾದಲ್ಲಿ ವಿದ್ಯಾರ್ಥಿ ಸಂಘವೊಂದನ್ನು ಸೇರಿದರು. ಆಗ ಜರ್ಮನಿ ಅನ್ನುವ ಒಂದು ದೇಶವೇ ಇರಲಿಲ್ಲ. ಹತ್ತಾರು ಅರಸರು, ಹತ್ತಾರು ಗಡಿಗಳು. ಎಲ್ಲ ಸೇರಿ ಒಂದು ದೇಶವಾಗಬೇಕು, ಜನರಿಗೆ ಸ್ವಾತಂತ್ರ್ಯ ಬೇಕು ಅಂತ ಈ ಹುಡುಗರು ಮಾತಾಡುತ್ತಿದ್ದರು. ಕಪ್ಪು, ಕೆಂಪು, ಬಂಗಾರದ ಬಣ್ಣದ ಪಟ್ಟಿ ತೊಟ್ಟು ಓಡಾಡುತ್ತಿದ್ದರು. ಇವತ್ತು ಜರ್ಮನಿಯ ಬಾವುಟದಲ್ಲಿರುವ ಬಣ್ಣಗಳೇ ಅವು. 1833ರ ಅಕ್ಟೋಬರ್ ಕೊನೆಯಲ್ಲಿ ಬರ್ಲಿನ್‌ನಲ್ಲಿ ರಾಯ್ಟರ್ ಅವರನ್ನು ಹಿಡಿದರು. ಆಗ ಅವರಿಗೆ 23 ವರ್ಷವೂ ತುಂಬಿರಲಿಲ್ಲ. 1836ರಲ್ಲಿ, ಬರ್ಲಿನ್ ರಾಜಧಾನಿಯಾಗಿದ್ದ ಪ್ರಷ್ಯ ರಾಜ್ಯದ ನ್ಯಾಯಾಲಯ 39 ವಿದ್ಯಾರ್ಥಿಗಳಿಗೆ ಮರಣದಂಡನೆ ಹೇಳಿತು. ಅವರಲ್ಲಿ ರಾಯ್ಟರ್ ಕೂಡ ಒಬ್ಬರು. ರಾಜ ಅದನ್ನು 30 ವರ್ಷದ ಕೋಟೆ ಸೆರೆಯಾಗಿ ಬದಲಾಯಿಸಿದ.

ಮಾಡಿದ ತಪ್ಪೇನು? ಜರ್ಮನಿಯ ವಿಶ್ವವಿದ್ಯಾಲಯದಲ್ಲಿ ಜರ್ಮನಿಯ ಬಣ್ಣಗಳನ್ನು ಹಾಡುಹಗಲಲ್ಲಿ ತೊಟ್ಟಿದ್ದು, ಅಷ್ಟೇ. ರಾಯ್ಟರ್ ಮುಂದೆ ಇದನ್ನು ಹೀಗೇ ಹೇಳಿದರು.

ಒಂದು ಕೋಟೆಯಿಂದ ಇನ್ನೊಂದಕ್ಕೆ ಅವರನ್ನು ಸಾಗಿಸಿದರು. ಸಿಲ್ಬರ್‌ಬೆರ್ಗ್, ಗ್ಲೋಗೌ, ಮಾಗ್ಡೆಬುರ್ಗ್, ಗ್ರೌಡೆನ್ಸ್, ಕೊನೆಗೆ ಎಲ್ಬೆ ನದಿಯ ದಂಡೆಯ ಡೋಮಿಟ್ಸ್. ಇವುಗಳಲ್ಲಿ ಕೆಲವು ಈಗ ಪೋಲೆಂಡಿನಲ್ಲಿವೆ. 1840ರಲ್ಲಿ ಹಳೆಯ ರಾಜ ಸತ್ತು ಹೊಸಬ ಪಟ್ಟಕ್ಕೆ ಬಂದಾಗ ಕ್ಷಮಾದಾನ ಸಿಕ್ಕಿತು. ಒಟ್ಟು ಸುಮಾರು ಏಳು ವರ್ಷ. ಓದುವ, ಕೆಲಸ ಹಿಡಿಯುವ, ಮನೆ ಕಟ್ಟಿಕೊಳ್ಳುವ ವಯಸ್ಸೆಲ್ಲ ಗೋಡೆಗಳ ಮಧ್ಯೆ ಹೋಯಿತು. ಹೊರಗೆ ಬಂದಾಗ ಆರೋಗ್ಯ ಕೆಟ್ಟಿತ್ತು. ಕುಡಿತ ಅಂಟಿಕೊಂಡಿತ್ತು. ಅದು ಅವರನ್ನು ಸಾಯುವವರೆಗೂ ಬಿಡಲಿಲ್ಲ. ತಿಂಗಳುಗಟ್ಟಲೆ ಚೆನ್ನಾಗಿರುತ್ತಿದ್ದರು, ಮತ್ತೆ ಬೀಳುತ್ತಿದ್ದರು. ಇಂಥವರನ್ನು ನಾನು ಕೆಲಸದಲ್ಲಿ ದಿನಾ ನೋಡುತ್ತೇನೆ. ಇದು ಚಟ ಅಲ್ಲ, ಕಾಯಿಲೆ. ರಾಯ್ಟರ್ ಬಗ್ಗೆ ಬರೆಯುವವರು 'ಕುಡುಕ ಕವಿ' ಅಂತ ಸುಮ್ನೆ ಒಂದು ಮಾತು ಎಸೆದು ಹೋದರೆ ನನಗೆ ಸಿಟ್ಟು ಬರುತ್ತದೆ. ತಂದೆ ಕೂಡ ಕ್ಷಮಿಸಲಿಲ್ಲ. 1845ರಲ್ಲಿ ಸಾಯುವಾಗ ಉಯಿಲಿನಲ್ಲಿ ಷರತ್ತು ಬರೆದಿಟ್ಟರು. ಕುಡಿತ ಬಿಟ್ಟರೆ ಮಾತ್ರ ಆಸ್ತಿ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಈ ಏಳು ವರ್ಷಗಳ ಬಗ್ಗೆ ಅವರು ಬರೆದ ಪುಸ್ತಕ 'ಉಟ್ ಮೀನ ಫೆಸ್ಟುಂಗ್ಸ್‌ಟೀಡ್'. ನನ್ನ ಕೋಟೆವಾಸದ ದಿನಗಳಿಂದ, ಅಂತ ಅರ್ಥ. 1862ರಲ್ಲಿ ಬಂತು. ಬಿಡುಗಡೆಯಾಗಿ ಇಪ್ಪತ್ತೆರಡು ವರ್ಷ ಆದಮೇಲೆ. ಆ ಪುಸ್ತಕ ನಗಿಸುತ್ತದೆ. ಕ್ಯಾಪ್ಟನ್ ಅಂತ ಅಡ್ಡಹೆಸರಿನ ಸಹಕೈದಿಯೊಬ್ಬ ಪ್ರೀತಿಯಲ್ಲಿ ಬಿದ್ದು ಪಡುವ ಪಾಡು ಓದಿದರೆ ನಮ್ಮ ಅಜ್ಜಿಯರು ಕಣ್ಣೀರು ಬರುವ ಹಾಗೆ ನಗುತ್ತಾರೆ. ಆದರೆ ಅದೇ ಪುಸ್ತಕದಲ್ಲಿ ಬೆಳಕು ಬಾರದ ಒದ್ದೆ ಕೋಣೆಗಳಿವೆ. ತನಿಖೆ ಮಾಡಿದ ಬರ್ಲಿನ್ನಿನ ಅಧಿಕಾರಿ ಡಾಂಬಾಖ್ ಹೆಸರು ಹಿಡಿದೇ ಬರುತ್ತಾನೆ. ಅವನನ್ನು ರಾಯ್ಟರ್ ಕ್ಷಮಿಸಿಲ್ಲ. ನಗು ಮತ್ತು ಸಿಟ್ಟು ಒಂದೇ ಪುಟದಲ್ಲಿ ಪಕ್ಕಪಕ್ಕ ಕೂತಿವೆ. ಇದನ್ನು 'ರಂಜನೆ' ಅಂತ ಕರೆಯುವುದು ಹೇಗೆ? ತನ್ನ ಯೌವನವನ್ನು ಕಿತ್ತುಕೊಂಡವರ ಬಗ್ಗೆ ಹಲ್ಲು ಕಚ್ಚಿ ಬರೆಯಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಕಾವಲುಗಾರರಲ್ಲೂ ಒಳ್ಳೆಯವರನ್ನು ಹುಡುಕಿದರು. ಅಧಿಕಾರವನ್ನು ಮಾತ್ರ ಒಂದು ಚೂರೂ ಬಿಡಲಿಲ್ಲ.

ಸೆರೆಯಿಂದ ಬಂದಮೇಲೆ ಕೆಲವು ವರ್ಷ ಜಮೀನುಗಳಲ್ಲಿ ಬೇಸಾಯ ಕಲಿಯುವ ಹುಡುಗನಾಗಿ ದುಡಿದರು. ಅಲ್ಲಿ ಅವರು ಕಂಡದ್ದು ಮೆಕ್ಲೆನ್‌ಬುರ್ಗ್‌ನ ನಿಜವಾದ ಬದುಕು. ಜಮೀನ್ದಾರರ ಬಗ್ಗೆ, ಅವರ ಜೀತದಾಳುಗಳ ಬಗ್ಗೆ ಮೊದಲು ಶಿಷ್ಟ ಜರ್ಮನ್‌ನಲ್ಲೇ ಒಂದು ಕಾದಂಬರಿ ಶುರು ಮಾಡಿದ್ದರು. ಅವರು ಬದುಕಿರುವಾಗ ಅದು ಅಚ್ಚಾಗಲೇ ಇಲ್ಲ. ಅದೇ ವಸ್ತುವನ್ನು ಮುಂದೆ ಪ್ಲಾಟ್‌ನಲ್ಲಿ ಬರೆದಾಗ ಜನರಿಗೆ ಜೀವ ಬಂತು. ಆ ಜನ ಮಾತಾಡುತ್ತಿದ್ದದ್ದೇ ಪ್ಲಾಟ್‌ನಲ್ಲಿ, ಅಲ್ವಾ?

1850ರಲ್ಲಿ ಟ್ರೆಪ್ಟೋ ಅನ್ನುವ ಊರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳಿಕೊಂಡು ನೆಲೆ ನಿಂತರು. ಮರುವರ್ಷ ಲೂಯಿಸೆ ಕುನ್ಟ್ಸೆ ಅವರನ್ನು ಮದುವೆಯಾದರು. ಪಾದ್ರಿಯ ಮಗಳು. ಈ ಹೆಣ್ಣುಮಗಳ ಬಗ್ಗೆ ಯಾರೂ ಸಾಕಷ್ಟು ಬರೆಯುವುದಿಲ್ಲ. ಗಂಡ ಬಿದ್ದಾಗಲೆಲ್ಲ ಎತ್ತಿದವರು, ಬರೆಯಲು ಕೂರಿಸಿದವರು ಅವರು. 1853ರಲ್ಲಿ ಮೊದಲ ಪುಸ್ತಕ 'ಲಾಯ್ಶೆನ್ ಉನ್ ರಿಮೆಲ್ಸ್' ಸಿದ್ಧವಾಯಿತು. ಹಳ್ಳಿಯ ತಮಾಷೆ ಪ್ರಸಂಗಗಳ ಪದ್ಯಗಳು. ಪ್ರಕಾಶಕರನ್ನು ಕಾಯದೆ ಸಾಲ ತಂದು ತಾವೇ ಅಚ್ಚು ಹಾಕಿಸಿದರು. ಪ್ರತಿಗಳು ಬೇಗನೆ ಖರ್ಚಾದವು. ನಿಮ್ಮ ಲೇಖನದ ಅರ್ಧ ಸಾಲು ಹೇಳುವುದು ಈ ಒಂದು ಪುಸ್ತಕದ ಬಗ್ಗೆ ಮಾತ್ರ. ರಾಯ್ಟರ್ ಅಲ್ಲಿಗೆ ನಿಲ್ಲಲಿಲ್ಲ.

ಅವರ ಮೇಲೆ ಇದೇ ಆರೋಪ ಆಗಲೂ ಬಂದಿತ್ತು. ಹೋಲ್‌ಸ್ಟೈನ್ ಕಡೆಯ ಕವಿ ಕ್ಲೌಸ್ ಗ್ರೋಟ್ 1852ರಲ್ಲೇ ಪ್ಲಾಟ್‌ನಲ್ಲಿ ಸುಂದರವಾದ ಭಾವಗೀತೆಗಳ ಸಂಕಲನ ತಂದಿದ್ದರು. ಈ ಮಾತಿಗೂ ಘನತೆ ಇದೆ ಅಂತ ತೋರಿಸುವುದು ಅವರ ಆಸೆ. ರಾಯ್ಟರ್ ಅವರ ಪದ್ಯಗಳು ಒರಟು, ಹಳ್ಳಿಯವರನ್ನು ಕೀಳಾಗಿ ತೋರಿಸುತ್ತವೆ ಅಂತ 1858ರಲ್ಲಿ ಅವರು ಬರೆದರು. ರಾಯ್ಟರ್ ಅದೇ ವರ್ಷ ಒಂದು ಕಿರುಹೊತ್ತಗೆಯಲ್ಲಿ ಉತ್ತರ ಕೊಟ್ಟರು. ಗ್ರೋಟ್ ಅವರ ಗೀತೆಗಳು ನನಗೂ ಇಷ್ಟ. ಆದರೆ ಈ ಜಗಳದಲ್ಲಿ ನಾನು ರಾಯ್ಟರ್ ಪರ. ಒಂದು ಭಾಷೆಗೆ ಗೌರವ ಬರಬೇಕಾದರೆ ಅದರಲ್ಲಿ ಬೈಗುಳವೂ ಇರಬೇಕು, ಜಗಳವೂ ಇರಬೇಕು, ಕೊಟ್ಟಿಗೆಯ ವಾಸನೆಯೂ ಇರಬೇಕು. ಬರೀ ಚೆಂದದ ಮಾತು ಮಾತ್ರ ಇಟ್ಟುಕೊಂಡರೆ ಆ ಭಾಷೆಯ ಜನರಲ್ಲಿ ಅರ್ಧ ಮಂದಿಯನ್ನು ಹೊರಗೆ ಕಳಿಸಿದ ಹಾಗೆ.

ಆ ಆರೋಪ ಬರುವ ಹೊತ್ತಿಗೆ ರಾಯ್ಟರ್ ಅವರ 'ಕೈನ್ ಹ್ಯೂಸುಂಗ್' ಅಚ್ಚಾಗಿತ್ತು. ತಮ್ಮ ಬರಹಗಳಲ್ಲಿ ಇದೇ ಒಳ್ಳೆಯದು ಅಂತ ಅವರೇ ಭಾವಿಸಿದ್ದರು. ಅದರ ಬಗ್ಗೆ ನಾನು ಸ್ವಲ್ಪ ವಿವರವಾಗಿ ಹೇಳಲೇಬೇಕು.

ಮೆಕ್ಲೆನ್‌ಬುರ್ಗ್‌ನಲ್ಲಿ ಜೀತ ಪದ್ಧತಿಯನ್ನು 1820ರಲ್ಲಿ ರದ್ದು ಮಾಡಿದರು. ಕಾಗದದ ಮೇಲೆ ಕೂಲಿ ಆಳು ಸ್ವತಂತ್ರ. ಆದರೆ ಒಂದು ಊರಿನಲ್ಲಿ ಮನೆ ಮಾಡಿ ಇರಬೇಕಾದರೆ ಆ ಜಮೀನಿನ ಒಡೆಯ ಒಪ್ಪಬೇಕು. ಆ ವಾಸದ ಹಕ್ಕಿಗೇ ಹ್ಯೂಸುಂಗ್ ಅನ್ನುತ್ತಿದ್ದರು. ಅದಿಲ್ಲದೆ ಮದುವೆಯಾಗುವಂತಿಲ್ಲ. ಒಡೆಯನಿಗೆ ಆಳುಗಳ ಸಂಸಾರ ಬೆಳೆಯುವುದು ಬೇಕಿರಲಿಲ್ಲ. ಮುದುಕರಾದರೆ, ಕಾಯಿಲೆ ಬಿದ್ದರೆ ಸಾಕಬೇಕಲ್ಲ? ಹಾಗಾಗಿ ಇಲ್ಲ ಅನ್ನುವುದು ಸುಲಭ. ಜೀತ ಹೋಯಿತು, ಮನೆ ಮಾಡುವ ಹಕ್ಕೂ ಹೋಯಿತು. ಆ ಸೀಮೆಯಿಂದ ಸಾವಿರಾರು ಜನ ಹಡಗು ಹತ್ತಿ ಅಮೆರಿಕಕ್ಕೆ ಹೋದದ್ದಕ್ಕೆ ಇದೂ ಒಂದು ದೊಡ್ಡ ಕಾರಣ.

'ಕೈನ್ ಹ್ಯೂಸುಂಗ್' ಅಂದರೆ ವಾಸದ ಹಕ್ಕಿಲ್ಲ ಅಂತ. ಪದ್ಯದಲ್ಲಿರುವ ಕಥೆ. ಯೋಹಾನ್ ಒಬ್ಬ ಆಳು. ಮಾರೀಕೆನ್ ಅವನು ಪ್ರೀತಿಸುವ ಹುಡುಗಿ. ಅವಳು ಬಸುರಿ. ಮದುವೆಗೆ ಒಡೆಯನ ಒಪ್ಪಿಗೆ ಬೇಕು. ಎಷ್ಟು ಬೇಡಿದರೂ ಅವನು ಕೊಡುವುದಿಲ್ಲ. ಕೊನೆಗೊಂದು ದಿನ ಯೋಹಾನ್ ಕೈಯಲ್ಲಿದ್ದ ಗೊಬ್ಬರದ ಕವೆಗೋಲಿನಿಂದಲೇ ಒಡೆಯನನ್ನು ಕೊಲ್ಲುತ್ತಾನೆ. ಅಮೆರಿಕಕ್ಕೆ ಓಡಿಹೋಗುತ್ತಾನೆ. ಮಾರೀಕೆನ್‌ಗೆ ಬುದ್ಧಿ ಕೆಡುತ್ತದೆ. ನೀರಿಗೆ ಬಿದ್ದು ಸಾಯುತ್ತಾಳೆ. ಮಗುವನ್ನು ನೋಡಿಕೊಳ್ಳುವವನು ಡಾನಿಯಲ್ ಅನ್ನುವ ಮುದಿ ಆಳು. ವರ್ಷಗಳ ನಂತರ ಯೋಹಾನ್ ಕದ್ದು ವಾಪಸ್ ಬರುತ್ತಾನೆ. ಈ ಹುಡುಗನಾದರೂ ಸ್ವತಂತ್ರನಾಗಿ ಬೆಳೆಯಲಿ ಅಂತ ಮಗನನ್ನು ಕರೆದುಕೊಂಡು ಹೋಗುತ್ತಾನೆ.

ಇದರಲ್ಲಿ ನಗೆ ಎಲ್ಲಿದೆ? ನಾನು ಇದನ್ನು ಓದಿದ ಮಧ್ಯಾಹ್ನ ನಮ್ಮಲ್ಲಿ ಒಬ್ಬ ಅಜ್ಜ ಬಹಳ ಹೊತ್ತು ಮಾತಾಡಿದರು. ಪೂರ್ವ ಜರ್ಮನಿಯ ಕಾಲದಲ್ಲಿ ಸಾಮೂಹಿಕ ಬೇಸಾಯದ ಸಂಘದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದವರು. ಅವರ ತಾತ ಒಂದು ದೊಡ್ಡ ಜಮೀನಿನಲ್ಲಿ ದಿನಗೂಲಿ. ಒಡೆಯನ ಗಾಡಿ ಬಂದರೆ ಟೋಪಿ ತೆಗೆದು ದಾರಿ ಬದಿಯಲ್ಲಿ ನಿಲ್ಲಬೇಕಿತ್ತಂತೆ. ತಾತ ಈ ಪದ್ಯದ ಭಾಗಗಳನ್ನು ಬಾಯಿಪಾಠ ಮಾಡಿದ್ದರಂತೆ. ಓದು ಬರಹ ಅಷ್ಟಾಗಿ ಬಾರದ ಮನುಷ್ಯ. 'ನಮ್ಮ ಮಾತಿನಲ್ಲಿ ನಮ್ಮ ಕಷ್ಟವನ್ನು ಹೇಳಿದ ಒಬ್ಬನಾದರೂ ಇದ್ದ' ಅಂತ ಹೇಳುತ್ತಿದ್ದರಂತೆ. ಸಂಪಾದಕರೇ, ಒಬ್ಬ ಲೇಖಕ ದೊಡ್ಡವನೋ ಸಣ್ಣವನೋ ಅಂತ ಅಳೆಯುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಲ್ಲವೇ?

ಇನ್ನೊಂದು ವಿಷಯ. ಬರ್ಲಿನ್ನಿನ ಬ್ರಿಟ್ಸ್ ಭಾಗದಲ್ಲಿ 1925ರಿಂದ ಕಟ್ಟಿದ ಒಂದು ಬಡಾವಣೆ ಇದೆ. ವಾಸ್ತುಶಿಲ್ಪಿಗಳು ಬ್ರೂನೋ ಟೌಟ್ ಮತ್ತು ಮಾರ್ಟಿನ್ ವಾಗ್ನರ್. ಕುದುರೆ ಲಾಳದ ಆಕಾರದ ಕಟ್ಟಡ ಅದರ ನಡುವೆ. ಸಾಮಾನ್ಯ ದುಡಿಯುವ ಜನರಿಗೆ ಗಾಳಿ, ಬೆಳಕು, ತೋಟ ಇರುವ ಮನೆ ಸಿಗಲಿ ಅಂತ ಕಟ್ಟಿದ್ದು. 2008ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಅಲ್ಲಿಯ ಬೀದಿಗಳಿಗೆ ರಾಯ್ಟರ್ ಮತ್ತು ಅವರ ಪಾತ್ರಗಳ ಹೆಸರು. ಒಂದು ಬೀದಿಯ ಹೆಸರೇ ಹ್ಯೂಸುಂಗ್. ಮನೆ ಇಲ್ಲದವರ ಕಥೆ ಬರೆದವರನ್ನು ನೆನೆಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ತೋಚುವುದಿಲ್ಲ.

ಇನ್ನು ಬ್ರೇಸಿಗ್ ಮಾಮನ ಬಗ್ಗೆ. ಇಲ್ಲಿಯವರು ಅವನನ್ನು ಹಾಗೇ ಕರೆಯುವುದು, ಮಾಮ ಅಂತ. 1862ರಿಂದ 1864ರವರೆಗೆ ಮೂರು ಭಾಗಗಳಲ್ಲಿ ಬಂದ 'ಉಟ್ ಮೀನ ಸ್ಟ್ರೋಮ್‌ಟೀಡ್' ಕಾದಂಬರಿಯ ಪಾತ್ರ. ಕಥೆ ಶುರುವಾಗುವುದು 1829ರ ಬೇಸಿಗೆಯಲ್ಲಿ, ಒಂದು ಹರಾಜಿನಿಂದ. ಹಾವರ್‌ಮಾನ್ ಎಂಬ ಗೇಣಿದಾರ ದಿವಾಳಿಯಾಗಿದ್ದಾನೆ. ಹೆಂಡತಿ ತೀರಿಕೊಂಡಿದ್ದಾಳೆ. ಪುಟ್ಟ ಮಗಳು ಜೊತೆಗಿದ್ದಾಳೆ. ಮನೆಯ ಸಾಮಾನೆಲ್ಲ ಹೊರಗೆ ಬಿಕರಿಯಾಗುತ್ತಿದೆ. ಆಗ ಬರುವ ಗೆಳೆಯ ಬ್ರೇಸಿಗ್. ದೊಡ್ಡ ಜಮೀನಿನ ಮೇಲ್ವಿಚಾರಕ, ಕುಳ್ಳ, ಕೆಂಪು ಮುಖ. ಪ್ಲಾಟ್ ಮತ್ತು ಶಿಷ್ಟ ಜರ್ಮನ್ ಎರಡನ್ನೂ ಕಲಸಿ ಮಾತಾಡುತ್ತಾನೆ. ದೊಡ್ಡ ದೊಡ್ಡ ಪದಗಳನ್ನು ತಪ್ಪು ತಪ್ಪಾಗಿ ಬಳಸುತ್ತಾನೆ. ಆದರೆ ಕಷ್ಟದಲ್ಲಿರುವವರ ಮನೆಗೆ ಎಲ್ಲರಿಗಿಂತ ಮೊದಲು ಹೋಗುವವನು ಅವನೇ.

1848ರ ಕ್ರಾಂತಿಯ ದಿನಗಳಲ್ಲಿ ಊರಿನ ಸುಧಾರಣಾ ಸಂಘದಲ್ಲಿ ಚರ್ಚೆ. ನಮ್ಮ ಊರಿನಲ್ಲಿ ಇಷ್ಟು ಬಡತನ ಯಾಕೆ ಅಂತ ವಿಷಯ. ಬ್ರೇಸಿಗ್ ಎದ್ದು ನಿಂತು ಬಹಳ ಗಂಭೀರವಾಗಿ ಉತ್ತರ ಕೊಡುತ್ತಾನೆ. ಊರಿನ ಬಡತನಕ್ಕೆಲ್ಲ ಕಾರಣ ದಾರಿದ್ರ್ಯ. ಸಭೆ ಹೌದು ಹೌದು ಅಂತ ಕೂಗುತ್ತದೆ. ಜರ್ಮನಿಯಲ್ಲಿ ಇದು ಗಾದೆಯ ಹಾಗೆ ಆಗಿಹೋಗಿದೆ. ನಮ್ಮಲ್ಲಿ ಹೆಸರು, ದಿನ ಎಲ್ಲ ಮರೆತುಹೋಗಿರುವ ಒಬ್ಬ ಅಜ್ಜಿ ಇದ್ದಾರೆ. ನಾನು ಈ ವಾಕ್ಯದ ಮೊದಲರ್ಧ ಓದಿದರೆ ಉಳಿದರ್ಧ ಅವರು ಹೇಳುತ್ತಾರೆ.

ಇದು ಬರೀ ನಗೆಚಟಾಕಿ ಅಲ್ಲ. 1848ರಲ್ಲಿ ರಾಯ್ಟರ್ ಅವರೇ ಸುಧಾರಣಾ ಚಳವಳಿಯಲ್ಲಿ ಓಡಾಡಿದ್ದರು. ಮೆಕ್ಲೆನ್‌ಬುರ್ಗ್‌ಗೆ 1849ರಲ್ಲಿ ಒಂದು ಒಳ್ಳೆಯ ಸಂವಿಧಾನ ಬಂತು. ಮರುವರ್ಷವೇ ಜಮೀನ್ದಾರರು ಅದನ್ನು ರದ್ದು ಮಾಡಿಸಿದರು. ಅರಸರಿಗೂ ಜಮೀನ್ದಾರರಿಗೂ ನಡುವೆ ಆಗಿದ್ದ 1755ರ ಹಳೆಯ ಒಪ್ಪಂದವೇ ಮತ್ತೆ ಜಾರಿಗೆ ಬಂದು 1918ರವರೆಗೂ ನಡೆಯಿತು. ನಿಜವಾದ ಕಾರಣವನ್ನು ಬಾಯಿಬಿಟ್ಟು ಹೇಳಲಾಗದ ಸಭೆಯಲ್ಲಿ ಬಡತನಕ್ಕೆ ಬಡತನವೇ ಕಾರಣ ಅನ್ನಬೇಕಾಗುತ್ತದೆ. ಅಲ್ಲಿ ಕೂತವರಿಗೆ ಅದು ಗೊತ್ತು, ಓದುವವರಿಗೂ ಗೊತ್ತು. ಕಾದಂಬರಿಯ ಕೊನೆಯಲ್ಲಿ ಬ್ರೇಸಿಗ್ ಸಾಯುತ್ತಾನೆ. ತಾನು ಹರೆಯದಲ್ಲಿ ಪ್ರೀತಿಸಿ ಕಳೆದುಕೊಂಡ, ಈಗ ಇನ್ನೊಬ್ಬರ ಮನೆಯೊಡತಿಯಾಗಿರುವ ನ್ಯೂಸ್ಲರ್ ಅಮ್ಮನ ಆರೈಕೆಯಲ್ಲಿ. ಸಾಯುವವರ ಪಕ್ಕ ಕೂರುವುದು ನನ್ನ ಕೆಲಸದ ಭಾಗ. ಆ ಅಧ್ಯಾಯದಲ್ಲಿ ಒಂದೂ ಸುಳ್ಳು ಮಾತಿಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಆಮೇಲಿನದು ಬೇಗ ಹೇಳಬಹುದು. 1863ರಲ್ಲಿ ರಾಸ್ಟಾಕ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಅದೇ ವರ್ಷ ಗಂಡಹೆಂಡತಿ ಐಸೆನಾಖ್‌ಗೆ ಹೋದರು. ಪುಸ್ತಕಗಳ ಹಣದಿಂದ ವಾರ್ಟ್‌ಬುರ್ಗ್ ಕೋಟೆಯ ಬುಡದಲ್ಲಿ ದೊಡ್ಡ ಮನೆ ಕಟ್ಟಿಸಿದರು. 1874ರ ಜುಲೈ 12ರಂದು ರಾಯ್ಟರ್ ಅಲ್ಲೇ ತೀರಿಕೊಂಡರು. ಆ ಕಾಲದ ಜರ್ಮನಿಯಲ್ಲಿ ಅವರಷ್ಟು ಓದುಗರಿದ್ದ ಲೇಖಕರು ಕಡಿಮೆ.

ನಮ್ಮ ಊರಿನಲ್ಲಿ ಅವರ ಪ್ರತಿಮೆ ಇದೆ, 1893ರದ್ದು. ಎದುರಿಗೆ ಒಂದು ಕಾರಂಜಿ. ಅದರಲ್ಲಿ ಅವರ 'ಡೋರ್ಚ್‌ಲಾಯ್ಖ್ಟಿಂಗ್' ಕಥೆಯ ಒಂದು ಸನ್ನಿವೇಶವನ್ನು ಕೆತ್ತಿದ್ದಾರೆ. ಗುಡುಗಿಗೆ ಹೆದರುವ, ಸಾಲ ತೀರಿಸದ ಒಬ್ಬ ಅರಸ. ಅವನ ಮುಂದೆ ಬೇಕರಿಯ ಶುಲ್ಟೆನ್ ಅಮ್ಮ ರೊಟ್ಟಿಯ ಬಾಕಿ ಲೆಕ್ಕ ಹಿಡಿದು ನಿಂತಿದ್ದಾಳೆ. ಆ ಅರಸನ ಅರಮನೆ 1945ರಲ್ಲಿ ಊರು ಸುಟ್ಟಾಗ ಹೋಯಿತು. ಶುಲ್ಟೆನ್ ಅಮ್ಮ ಉಳಿದಳು. ಕೆಲಸ ಮುಗಿಸಿ ಬರುವಾಗ ನಾನು ಅವಳನ್ನು ನೋಡಿಯೇ ಮುಂದೆ ಹೋಗುವುದು.

ಪ್ಲಾಟ್ ಈಗ ಕಷ್ಟದಲ್ಲಿದೆ. ಮಾತಾಡುವವರು ಹೆಚ್ಚಾಗಿ ವಯಸ್ಸಾದವರು. ಆದರೂ ಕೈಬಿಟ್ಟಿಲ್ಲ. ಪ್ರಾದೇಶಿಕ ಭಾಷೆಗಳನ್ನು ಕಾಪಾಡುವ ಯುರೋಪಿನ ಒಪ್ಪಂದ ಜರ್ಮನಿಯಲ್ಲಿ 1999ರಿಂದ ಜಾರಿಯಲ್ಲಿದೆ, ಅದರಲ್ಲಿ ಪ್ಲಾಟ್ ಸೇರಿದೆ. ಈ ರಾಜ್ಯದ ಸಂವಿಧಾನದಲ್ಲೇ ಅದನ್ನು ರಕ್ಷಿಸುವ ಮಾತಿದೆ. 2017ರಿಂದ ಶಾಲೆಯ ಕೊನೆಯ ಪರೀಕ್ಷೆಗೆ ಅದನ್ನು ಒಂದು ವಿಷಯವಾಗಿ ತೆಗೆದುಕೊಳ್ಳಬಹುದು. ಆ ಮಕ್ಕಳು ಓದಬೇಕಾದರೆ ಓದುವಂಥದ್ದು ಇರಬೇಕಲ್ಲ? ಅದನ್ನು ಬರೆದಿಟ್ಟು ಹೋದವರಲ್ಲಿ ರಾಯ್ಟರ್ ಮುಖ್ಯರು.

ಹಾಗಾಗಿ ನನ್ನ ಕೋರಿಕೆ ಎರಡು. ಒಂದು, ಆ ಅರ್ಧ ಸಾಲಿಗೆ ಬದಲಾಗಿ ರಾಯ್ಟರ್ ಬಗ್ಗೆಯೇ ಒಂದು ಪೂರ್ತಿ ಲೇಖನ ಬರಲಿ. ಆಡುಮಾತಿನ ಬರಹಗಾರರನ್ನು ಸಾಹಿತ್ಯದ ಪುಟದ ಮೂಲೆಗೆ ತಳ್ಳುವುದು ಬೇಡ. ಎರಡು, ಪುರವಣಿಯಲ್ಲಿ ಅವರ ಬರಹದ ಒಂದು ತುಣುಕಾದರೂ ಕನ್ನಡದಲ್ಲಿ ಬರಲಿ, ಇಂಗ್ಲಿಷ್ ಮೂಲಕ ಅಲ್ಲ, ನೇರವಾಗಿ ಪ್ಲಾಟ್‌ನಿಂದ. 'ಕೈನ್ ಹ್ಯೂಸುಂಗ್'ನಲ್ಲಿ ಯೋಹಾನ್ ಮಗನನ್ನು ಕರೆದೊಯ್ಯುವ ಭಾಗವನ್ನು ನಾನು ಕನ್ನಡಕ್ಕೆ ತರುತ್ತಿದ್ದೇನೆ. ಟ್ರ್ಯಾಕ್ಟರ್ ಅಜ್ಜ ಪ್ರತಿ ಸಾಲಿನ ಅರ್ಥ ಬಿಡಿಸಿ ಹೇಳುತ್ತಿದ್ದಾರೆ. ಮುಗಿದ ಕೂಡಲೇ ಕಳಿಸುತ್ತೇನೆ, ದಯವಿಟ್ಟು ಓದಿ ನೋಡಿ.

ಇಂತಿ,
ನಿಮ್ಮ ಹಳೆಯ ಓದುಗಳು,
ನಾಯ್‌ಬ್ರಾಂಡೆನ್‌ಬುರ್ಗ್, ಜರ್ಮನಿ